ಹುಗ್ಗಿಗೆ ಇಬ್ಬರು

ಕೋಟದಿಂದ ಪಶ್ಚಿಮಕ್ಕೆ, ಕಡಲ ಸದ್ದು ಕಿವಿಗೆ ಬೀಳುವಷ್ಟು ದೂರದಲ್ಲಿ, ಗದ್ದೆಗಳ ನಡುವೆ ಗೋಪಾಲಕೃಷ್ಣನ ಒಂದು ಸಣ್ಣ ಗುಡಿ ಇತ್ತು. ವರ್ಷದ ಉಳಿದ ತಿಂಗಳುಗಳಲ್ಲಿ ಆ ದೇವರನ್ನು ಕೇಳುವವರೇ ಇರಲಿಲ್ಲ. ಡಿಸೆಂಬರ್ ನಡುವಿಗೆ ಧನು ಸಂಕ್ರಮಣ ಬಂತೆಂದರೆ ಮಾತ್ರ ಊರಿಗೆ ಊರೇ ಬೆಳಕು ಹರಿಯುವ ಮುಂಚೆ ಎದ್ದು, ತೆಂಗಿನ ಗರಿಯ ಸೂಡಿ ಹೊತ್ತಿಸಿಕೊಂಡು, ಗದ್ದೆಯಂಚಿನ ಮೇಲೆ ಸಾಲಾಗಿ ಬರುತ್ತಿತ್ತು. ಭಕ್ತಿ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಬರುತ್ತಿದ್ದದ್ದು ಹುಗ್ಗಿಗೆ.

ಹುಗ್ಗಿಯಾದರೂ ಎಂಥದ್ದು! ಹೆಸರುಬೇಳೆ, ಬೆಳ್ತಿಗೆ ಅಕ್ಕಿ, ಶುಂಠಿ, ಕಾಳುಮೆಣಸು, ಮೇಲೆ ಧಾರಾಳವಾಗಿ ತೆಂಗಿನ ತುರಿ. ಸೂರ್ಯ ಹುಟ್ಟುವ ಮೊದಲೇ ದೇವರಿಗೆ ನೈವೇದ್ಯವಾಗಿ ಬಾಳೆಯೆಲೆಯ ಚೂರಿನಲ್ಲಿ ಬಿಸಿಬಿಸಿಯಾಗಿ ಕೈಗೆ ಬಂದರೆ ಜ್ವರದವನೂ ಬೇಡವೆನ್ನುತ್ತಿರಲಿಲ್ಲ. ಅದನ್ನು ಗುಡಿಯ ಒಲೆಯಲ್ಲಿ ಬೇಯಿಸುತ್ತಿದ್ದವರು ಪೂಜೆಯ ಭಟ್ಟರಾದ ಗಣಪಯ್ಯನವರು. ಹಾಗಾಗಿ ಹೊಗಳಿಕೆಯೂ ಅವರಿಗೇ.

ಆದರೆ ಆ ಅಕ್ಕಿಯನ್ನು ಕುಟ್ಟಿ, ಬೇಳೆಯನ್ನು ಹುರಿದು ಕೊಡುವುದು ಭಟ್ಟರ ಮನೆಯ ಹೆಂಗಸಿನ ಕೆಲಸ. ಹಿಂದಿನ ದಿನ ಕುಟ್ಟಿಟ್ಟದ್ದು ಆಗುವುದಿಲ್ಲ. ದಿನದಿನವೂ ಕತ್ತಲೆಯಲ್ಲೇ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲಿಯೇ ಒನಕೆ ಹಿಡಿಯಬೇಕು. ತಿಂಗಳ ಮೂರು ದಿನ ಹೊರಗಾದವಳು ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ದೇವರಿಗೆ ಮೈಲಿಗೆ, ಊರಿಗೆ ಕೇಡು. ಆದ್ದರಿಂದ ಹುಗ್ಗಿಗೆ ಮನೆಯಲ್ಲಿ ಇಬ್ಬರು ಹೆಂಗಸರು ಬೇಕೇ ಬೇಕು, ಒಬ್ಬಳು ಹೊರಗೆ ಕೂತರೆ ಇನ್ನೊಬ್ಬಳು. ಈ ಕಟ್ಟಳೆ ಮಾಡಿದವರು ಗಂಡಸರೇ ಇರಬೇಕು. ಒದ್ದೆ ಸೀರೆಯಲ್ಲಿ ಕಡಲ ಗಾಳಿಗೆ ನಿಂತವರು ಯಾರೂ ಹೀಗೆ ಮಾಡುತ್ತಿರಲಿಲ್ಲ.

ಗಣಪಯ್ಯನವರ ಹಿರಿಸೊಸೆ ವಾರಿಜಾಕ್ಷಿ ಹಾಗೆ ನಿಂತವಳು. ಮದುವೆಯಾಗಿ ಬಂದ ವರ್ಷದಿಂದ ಒಂದು ಧನುರ್ಮಾಸವೂ ತಪ್ಪಿದ್ದಿಲ್ಲ. ಅವಳ ಗಂಡ ವೈಕುಂಠ ಮುಂಬೈಯ ಮಾಟುಂಗಾದಲ್ಲಿ ಹೋಟೆಲಿನ ಅಡಿಗೆಯವನು. ದೀಪಾವಳಿ ಕಳೆದ ಮೇಲೆ ಊರಿಗೆ ಬರುವನು, ಸಂಕ್ರಮಣದ ಮೊದಲು ಹೊರಡುವನು. ಪ್ರತಿ ಸಲವೂ ಹೆಂಡತಿಯನ್ನು ಕರೆದುಕೊಂಡು ಹೋಗುವ ಮಾತು ಎತ್ತುವನು, ಪ್ರತಿ ಸಲವೂ ಒಬ್ಬನೇ ಹೋಗುವನು. ಕೆಟ್ಟ ಮನುಷ್ಯನೇನಲ್ಲ. ಅಪ್ಪನ ಎದುರು ಬಾಯಿ ಬಿಡಲು ಬಾರದವನು, ಅಷ್ಟೆ.

ಗಣಪಯ್ಯನವರು ಬೇಡವೆಂದು ಎಂದೂ ಹೇಳಿದವರಲ್ಲ. ಹೊರಡುವ ಮುನ್ನಾದಿನ ಅವರಿಗೆ ಸೊಂಟ ಹಿಡಿಯುತ್ತಿತ್ತು. ಚಾಪೆಯ ಮೇಲೆ ಮಲಗಿ, "ಹೋಯ್ನಿ, ಹೋಯ್ನಿ, ನಂದೆಂತ ಇತ್ತ್? ದೇವ್ರಿದ್ದ," ಎನ್ನುವರು. ಅವರ ತಂಗಿ, ವಿಧವೆ ಸೀತತ್ತೆ, ಮನೆಯಲ್ಲಿದ್ದಳು. ಆದರೆ ಆ ಮೂರು ದಿನಕ್ಕಿಂತ ಹೆಚ್ಚು ಒನಕೆ ಎತ್ತುವ ಶಕ್ತಿ ಅವಳಿಗಿರಲಿಲ್ಲ. ನೋಡನೋಡುತ್ತ ಸಂಕ್ರಮಣ ಬಂದುಬಿಡುವುದು. ಧನುರ್ಮಾಸ ಹಿಡಿದ ಮೇಲೆ ಹೆಣ್ಣನ್ನು ಹೊಸಿಲು ದಾಟಿಸಿ ಬೇರೆ ಸಂಸಾರ ಹೂಡಿಸುವ ಪದ್ಧತಿಯಿಲ್ಲ. ಮುದುಕರ ಸೊಂಟ ಮರುದಿನವೇ ನೆಟ್ಟಗಾಗುವುದು.

ಯುದ್ಧ ಶುರುವಾದ ವರ್ಷದ ಧನುರ್ಮಾಸದ ಕೊನೆಗೆ ವಾರಿಜಾಕ್ಷಿಗೆ ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಒರಳಿನ ಪಕ್ಕದಲ್ಲಿಯೇ ಹೊಟ್ಟೆ ಹಿಡಿದುಕೊಂಡು ಕೂತಳು. ಆ ಮಗು ಉಳಿಯಲಿಲ್ಲ, ಆಮೇಲೆ ಇನ್ನೊಂದು ಆಗಲೂ ಇಲ್ಲ. ಅವತ್ತು ಸೀತತ್ತೆ ಹೇಗೋ ಏದುಸಿರು ಬಿಡುತ್ತ ಕುಟ್ಟಿ ಮುಗಿಸಿದಳು. ಹುಗ್ಗಿ ಒಂದಿಷ್ಟು ತಡವಾಯಿತೆಂದು ಊರವರು ಗೊಣಗಿದರು.

ಯುದ್ಧ ಮುಗಿಯಿತು. ಸೀತತ್ತೆಯೂ ತೀರಿಕೊಂಡಳು. ವೈಕುಂಠನ ತಮ್ಮ ಶೀನ ಅಣ್ಣನ ಹೋಟೆಲಿಗೇ ಸೇರಿಕೊಂಡ. ಅವನಿಗೆ ಹೊಳೆಯಾಚೆಯ ನಾವುಂದದ ಕಡೆಯಿಂದ ಸುಗುಣಾ ಎಂಬ ಹುಡುಗಿಯನ್ನು ತಂದರು. ಗಂಡ ಮಳೆಗಾಲದ ಕೊನೆಯವರೆಗೂ ಊರಲ್ಲಿದ್ದು ಮುಂಬೈಗೆ ಹೋದ ಮೇಲೆ, ಆ ಹುಡುಗಿ ಅಕ್ಕಾ ಅಕ್ಕಾ ಎಂದು ವಾರಿಜಾಕ್ಷಿಯ ಸೆರಗು ಹಿಡಿದೇ ಓಡಾಡುತ್ತಿತ್ತು.

ಆ ವರ್ಷ, ನಲವತ್ತಾರರಲ್ಲಿ, ವೈಕುಂಠ ಬಂದವನೇ ಹೇಳಿದ, "ಈ ಸಲ ಕೋಣಿ ಸಿಕ್ಕಿತ್ತ್ ಕಾಣ್. ಸಣ್ಣದ್. ಆರೆ ಒಳ್ಗೇ ನಳ್ಳಿ ಇತ್ತ್. ತಿರ್ಗ್ಸಿರೆ ನೀರ್ ಬತ್ತ್."

"ಬಾವಿಯಿಂದ ಎಳೂದ್ ಬೇಡ್ದಾ?"

"ಎಂತ ಬಾವಿ ಮಾರಾಯ್ತಿ! ಅಲ್ಲೂ ಧನುರ್ಮಾಸ ಮಾಡ್ತ್ರ್. ನಮ್ಮ್ ಹೋಟ್ಲಲ್ಲಿ ಬೆಳ್ಗಾತ ಹುಗ್ಗಿ ಅಂದ್ರೆ ಜನ ರಸ್ತಿ ತನ್ಕ ಸಾಲ್ ನಿಂತ್ಕಂತ್ರ್. ಮಡಿ ಇಲ್ಲ, ಮೈಲ್ಗೆ ಇಲ್ಲ. ಚಾ ಕುಡ್ದ್ ಕೂತ್ಕಂಡೇ ಬೇಯ್ಸುದ್."

ವಾರಿಜಾಕ್ಷಿ ನಕ್ಕಳು. ಆ ನಳ್ಳಿ ಮಾತ್ರ ಅವಳ ತಲೆಯೊಳಗೆ ಕೂತುಬಿಟ್ಟಿತು. ಬಾವಿಯ ಹಗ್ಗ ಎಳೆಯುವಾಗ, ಕೊಟ್ಟಿಗೆ ತೊಳೆಯುವಾಗ, ಹಿತ್ತಾಳೆಯ ನಳ್ಳಿಯೊಂದನ್ನು ತಿರುಗಿಸಿದಂತೆ ಕೈ ತಾನಾಗಿ ಆಡುತ್ತಿತ್ತು. ಇನ್ನೊಂದು ಧನುರ್ಮಾಸ ಈ ಮನೆಯಲ್ಲಿ ಕಳೆದರೆ ತಾನು ಬದುಕಿದ್ದೂ ಸತ್ತಂತೆ ಎಂದು ಅವಳಿಗೆ ಅನಿಸಿತು.

ಗಣಪಯ್ಯನವರ ಬಳಿ ಹೊಸ ಕಾರಣ ಸಿದ್ಧವಿತ್ತು. "ಸೀತು ಇಲ್ಲ. ಸುಗುಣಾ ಒಬ್ಳೇ ಆರೆ, ಅವ್ಳ್ ಹೊರ್ಗಾದ್ ದಿನ ದೇವ್ರ್ ಉಪಾಸ ಇಪ್ಪುದಾ?"

ಈ ಸಲ ವಾರಿಜಾಕ್ಷಿಯ ಬಳಿಯೂ ಉತ್ತರವಿತ್ತು. ಸುಗುಣಾ ಎರಡು ತಿಂಗಳಿಂದ ಹೊರಗೆ ಕೂತಿರಲಿಲ್ಲ. ಒಗ್ಗರಣೆಯ ವಾಸನೆಗೆ ಮುಖ ತಿರುಗಿಸುತ್ತಿದ್ದಳು. ಬಸುರಿಗೆ ಆ ಗೊಡವೆಯೇ ಇಲ್ಲ. ಧನುರ್ಮಾಸಕ್ಕೆ ಒಬ್ಬಳೇ ಸಾಕು! ಅವಳು ಅದನ್ನು ಗಂಡನಿಗೆ ಹೇಳಿದಳು, ಗಂಡ ತೊದಲುತ್ತ ಅಪ್ಪನಿಗೆ ಹೇಳಿದ. ಮೊಮ್ಮಗುವಿನ ಸುದ್ದಿ ಕೇಳಿ ಮುದುಕರು ಹಿಗ್ಗಿದರು, ಕೈಯಲ್ಲಿದ್ದ ಕಾರಣ ಜಾರಿಹೋದದ್ದಕ್ಕೆ ಕುಗ್ಗಿದರು. ಸೊಂಟ ಹಿಡಿಸಿಕೊಳ್ಳಲು ಕೂಡ ಮರೆತರು.

"ಹಂಗಾರೆ ಹೋಗ್," ಎಂದರು.

ಆ ಒಂದು ಮಾತಿಗೆ ಅವಳು ಅಷ್ಟು ವರ್ಷ ಕಾದಿದ್ದಳು. ಟ್ರಂಕು ತುಂಬಿದಳು. ಸುಗುಣಾಗೆ ಎಲ್ಲ ಹೇಳಿಕೊಟ್ಟಳು: ಬೇಳೆ ಎಷ್ಟು ಕೆಂಪಗಾಗಬೇಕು, ಅಕ್ಕಿ ಎಷ್ಟು ಬೆಳ್ಳಗಾಗಬೇಕು. "ನಾ ಮಾಡ್ತೆ ಅಕ್ಕಾ, ನೀವ್ ಹೋಯ್ನಿ," ಎಂದಳು ಹುಡುಗಿ, ಬೇಸರವಿಲ್ಲದೆ. ಹೊರಡುವ ದಿನ ಬೆಳಗಿನ ಜಾವ, ಒಮ್ಮೆ ಮಾಡಿ ತೋರಿಸುತ್ತೇನೆಂದು ಸುಗುಣಾ ತಾನೇ ಬಾವಿಕಟ್ಟೆಗೆ ಹೋಗಿ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲಿ ಒನಕೆ ಹಿಡಿದಳು. ನಾಲ್ಕು ಪೆಟ್ಟು ಹಾಕುವಷ್ಟರಲ್ಲಿ ಹಲ್ಲು ಕಟಕಟ ಎನ್ನತೊಡಗಿತು. ಇನ್ನೆರಡು ಪೆಟ್ಟಿಗೆ ಒನಕೆ ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಒರಳಿನ ಪಕ್ಕದಲ್ಲಿ ಕೂತಳು.

"ಎಂತದ್ದೂ ಇಲ್ಲ ಅಕ್ಕಾ. ಒಂಚೂರ್ ಹಿಡ್ದಂಗ್ ಆಯ್ತ್. ಈಗ ಸಮ ಆತ್ತ್."

ವಾರಿಜಾಕ್ಷಿ ನಿಂತಲ್ಲೇ ನಿಂತಳು. ಅದೇ ಜಾಗ, ಅದೇ ಒರಳು. ಹೊರಟುಬಿಡು, ಇದು ನಿನ್ನ ಪಾಡಲ್ಲ ಎಂದು ಅವಳ ಮನಸ್ಸು ಹೇಳಿತು, ಹೇಳಲಿಲ್ಲವೆಂದರೆ ಸುಳ್ಳಾದೀತು. ತನಗಾಗ ಯಾರು ಅಡ್ಡ ಬಂದಿದ್ದರು? ಆ ಸಿಟ್ಟಿನಲ್ಲಿಯೇ ಅವಳು ಟ್ರಂಕಿನ ಹತ್ತಿರ ಹೋದಳು, ತನ್ನ ಸೀರೆಗಳನ್ನು ಕಿತ್ತು ಹೊರಗೆಸೆದಳು, ಸುಗುಣಾಳ ಸೀರೆಗಳನ್ನು ಅದರೊಳಗೆ ತುರುಕಿದಳು.

ಮಾವನ ಎದುರು ನಿಂತು, "ಸುಗುಣಾ ತೌರಿಗೆ ಹೋತ್ಲ್. ಸಂಕ್ರಮಣ ಇನ್ನೂ ಹಿಡೀಲಿಲ್ಲ. ಹೊಳಿ ದಾಟ್ಸಿ ಇವ್ರ್ ನಾವುಂದಕ್ಕೆ ಬಿಟ್ಟ್, ಬಂದ್ ಮುಂಬಯ್ ಹಡಗ್ ಹತ್ತುಕ್," ಎಂದಳು.

"ಮತ್ತೆ ಒನ್ಕಿ ಯಾರ್ ಹಿಡೂದ್?"

"ನಾನ್ ಇಲ್ದಾ?"

ಗಣಪಯ್ಯನವರು ಅಗಿಯುತ್ತಿದ್ದ ಎಲೆಯನ್ನು ಉಗುಳಿದರು. "ಆಯ್ತ್. ನೀ ಹೊರ್ಗಾದ್ ದಿನ ಮಾತ್ರ ಜನ ಕಳ್ಸಿ ಸುಗುಣನ್ನ ಕರ್ಸ್ತೆ."

"ಧನುರ್ಮಾಸ್ದಗೆ ಹೆಣ್ಣ್ ಕಳ್ಸುಕಾಗ ಅಂತ್ರಿ?"

"ದೇವ್ರ್ ಕೆಲ್ಸಕ್ಕೆ ದೋಷ ಇಲ್ಲೆ."

ವೈಕುಂಠ ಬಸ್ಸು ಹತ್ತುವಾಗ ಹೆಂಡತಿಯ ಮುಖ ನೋಡಲಾರದೆ ಟ್ರಂಕನ್ನು ನೋಡುತ್ತ, "ಬಪ್ಪ ವರ್ಷ ಕಾಂಬ," ಎಂದ. ಕುಂದಾಪುರದ ಕಡೆಗೆ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಸುಗುಣಾ ಕಿಟಕಿಯಿಂದ ಅಳುತ್ತ ಕೈ ಬೀಸುತ್ತಿದ್ದಳು. ವಾರಿಜಾಕ್ಷಿ ಮನೆಗೆ ಬಂದು, ನೆಲದ ಮೇಲೆ ಬಿದ್ದಿದ್ದ ತನ್ನ ಸೀರೆಗಳನ್ನು ಒಂದೊಂದಾಗಿ ಮಡಚಿಟ್ಟಳು.

ಧನುರ್ಮಾಸ ಹಿಡಿಯಿತು. ಅಂಗಳ ಗುಡಿಸಿ ಹೂವು ತಂದುಕೊಡುವ ಗುಲಾಬಿ ಒಂದು ದಿನ ಬ್ರಹ್ಮಾವರದ ಅಕ್ಕನ ಮನೆಗೆ ಹೋಗಿ ಬಂದವಳು, "ಅಮ್ಮಾ, ಅಲ್ಲಿ ಕ್ರಿಸ್ತಾನ್ರ ಹಬ್ಬ. ಮನಿಮನಿ ಎದ್ರ್ ನಕ್ಷತ್ರದ ಗೂಡುದೀಪ ಕಟ್ಟಿರ್. ಮುಂಬಯ್ಯಗೂ ಹಂಗೇ ಅಂಬ್ರ್, ಹೌದಾ?" ಎಂದು ಕೇಳಿದಳು. ವಾರಿಜಾಕ್ಷಿಗೆ ಏನು ಗೊತ್ತು? ಇರಬೇಕು ಎಂದಳು.

ಮರುದಿನ ಬೆಳಗಿನ ಜಾವ ಬಾವಿಕಟ್ಟೆಯಲ್ಲಿಯೇ ಅವಳಿಗೆ ತಾನು ಹೊರಗಾದದ್ದು ತಿಳಿಯಿತು. ಕೊಡ ಕೈಯಲ್ಲೇ ಇತ್ತು. ಹೇಳಿಬಿಡಬೇಕು. ಹೇಳಿದರೆ ಹೊತ್ತು ಮೂಡುವ ಮೊದಲೇ ನಾವುಂದಕ್ಕೆ ಆಳು ಓಡುತ್ತಾನೆ, ಹುಡುಗಿಯನ್ನು ದೋಣಿಯಲ್ಲಿ ಹೊಳೆ ದಾಟಿಸಿ, ಬಸ್ಸಿನಲ್ಲಿ ಕುಲುಕಿಸಿ ತರುತ್ತಾರೆ, ನಾಳೆ ಇದೇ ಕಟ್ಟೆಯ ಮೇಲೆ ನಿಲ್ಲಿಸುತ್ತಾರೆ. ಹೇಳದಿದ್ದರೆ ದೇವರಿಗೆ ಮೈಲಿಗೆ. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಆ ದೇವರನ್ನು ಅವಳು ನಂಬಿದವಳು. ಹಾವು ಬರುತ್ತದೆಯೋ, ಕಣ್ಣು ಹೋಗುತ್ತದೆಯೋ, ಮನೆಗೆ ಬೆಂಕಿ ಬೀಳುತ್ತದೆಯೋ. ಒಳಗಿನಿಂದ ಮಾವ ಕೆಮ್ಮಿದರು. "ಆಯ್ತನಾ?"

"ಆಯ್ತ್ ಮಾವ, ಬಂದೆ," ಎಂದು ಅವಳು ತಲೆಗೆ ನೀರು ಹೊಯ್ದುಕೊಂಡಳು.

ಕುಟ್ಟಿದಳು, ಹುರಿದಳು, ಗೆರಸೆಯಲ್ಲಿ ತುಂಬಿ ಕೊಟ್ಟಳು. ಗುಡಿಯ ಗಂಟೆ ಕೇಳುವವರೆಗೂ ಕಿವಿಗೊಟ್ಟು ಕೂತಳು. ಗಂಟೆ ಹೊಡೆಯಿತು. ಎಂದಿನ ಹಾಗೆಯೇ ಊರವರು ಎಲೆಚೂರು ನೆಕ್ಕುತ್ತ, ಮಾತಾಡುತ್ತ ಗದ್ದೆಯಂಚಿನಲ್ಲಿ ತಿರುಗಿ ಹೋದರು. ಎರಡನೆಯ ದಿನವೂ ಹಾಗೆಯೇ, ಮೂರನೆಯ ದಿನವೂ ಹಾಗೆಯೇ. ಯಾರೋ ಮುದುಕರು, "ಗಣಪಯ್ಯ, ಇವತ್ತಿನ್ ಹುಗ್ಗಿಯಂತದ್ ಈ ತಿಂಗ್ಳಗೇ ಆಯ್ಲಿಲ್ಲ," ಎಂದು ಇನ್ನೊಮ್ಮೆ ಕೈ ಒಡ್ಡಿದರಂತೆ.

ಹಾವು ಬರಲಿಲ್ಲ. ದೇವರು ಉಂಡ. ಆಗ ವಾರಿಜಾಕ್ಷಿಗೆ ಹೆದರಿಕೆ ಹೋಗಿ ಬೇರೇನೋ ಬಂತು. ಹಾಗಾದರೆ ಇಬ್ಬರು ಬೇಕಾಗಿಯೇ ಇರಲಿಲ್ಲ. ಒದ್ದೆ ಸೀರೆಯೂ ಬೇಕಾಗಿರಲಿಲ್ಲವೇನೋ. ಗುಡಿಯಲ್ಲಿ ಗಣಪಯ್ಯನವರು ಚಾ ಕುಡಿದು ಕೂತು ತಾವೇ ಕುಟ್ಟಿಕೊಂಡಿದ್ದರೂ ಅವನು ಉಣ್ಣುತ್ತಿದ್ದ. ಯುದ್ಧದ ವರ್ಷದ ಆ ಬೆಳಿಗ್ಗೆ ಅವಳು ಹಾಸಿಗೆಯಲ್ಲಿಯೇ ಮಲಗಿದ್ದಿದ್ದರೂ ಉಣ್ಣುತ್ತಿದ್ದ. ಅವಳು ಒಲೆಯ ಮುಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಬೇಳೆ ಸ್ವಲ್ಪ ಸೀದಿತು.

ಮಕರ ಸಂಕ್ರಮಣದ ದಿನ ಧನುರ್ಮಾಸ ಮುಗಿಯಿತು. ಊರ ನಾಲ್ಕು ಹಿರಿಯರು ಭಟ್ಟರ ಜಗುಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದರು. ವಾರಿಜಾಕ್ಷಿ ಬಾಗಿಲ ಹಿಂದೆ, ಒನಕೆಯನ್ನು ಒಳಗಿಡಲು ತಂದವಳು, ಮಾವನ ಮಾತು ಕೇಳಿ ನಿಂತಳು.

"ಇಬ್ರ್ ಹೆಂಗ್ಸ್ರ್ ಇಲ್ದೆ ಆತ್ತಿಲ್ಲ ಅಂದ್ಕಂಡಿದ್ದೆ," ಎನ್ನುತ್ತಿದ್ದರು ಗಣಪಯ್ಯನವರು. "ಈ ಸಲ ಕಾಣಿ, ತಿಂಗ್ಳಿಡೀ ನಮ್ಮ್ ವಾರಿಜ ಒಂದ್ ದಿನ ಹೊರ್ಗಾಯ್ಲಿಲ್ಲ. ದೇವ್ರೇ ತಡ್ದ. ಅವ್ನಿಗೆ ಅವ್ಳೇ ಆಯ್ಕ್. ಇನ್ನ್ ಸುಗುಣಾ ಮುಂಬಯ್ಗೆ ಹೋರೂ ಅಡ್ಡಿಲ್ಲ. ಇವ್ಳೊಬ್ಳಿದ್ರೆ ಸಾಕ್."

"ಪುಣ್ಯವಂತಿ," ಎಂದರು ಹಿರಿಯರೊಬ್ಬರು.

ವಾರಿಜಾಕ್ಷಿ ಬಾಗಿಲು ದಾಟಿ ಹೊರಗೆ ಒಂದು ಕಾಲಿಟ್ಟಳು. ಹೇಳುತ್ತೇನೆ, ಈಗಲೇ ಹೇಳುತ್ತೇನೆ, ಮೂರು ದಿನ ನೀವೆಲ್ಲ ತಿಂದದ್ದು ಏನೆಂದು ಹೇಳುತ್ತೇನೆ. ಹೇಳಿದರೆ ಇವರೆಲ್ಲ ಬಾಯಲ್ಲಿದ್ದ ಎಲೆ ಉಗುಳಿ ಏಳುತ್ತಾರೆ. ಗುಡಿಗೆ ಶುದ್ಧ ಮಾಡಿಸುತ್ತಾರೆ, ಮಾವನಿಂದ ಪೂಜೆ ಬಿಡಿಸುತ್ತಾರೆ, ಗಂಡ ಊರಿಗೆ ಮುಖ ತೋರಿಸುವ ಹಾಗಿಲ್ಲ, ಸುಗುಣಾಳಿಗೆ ಹುಟ್ಟಲಿರುವ ಮಗುವಿಗೂ ಆ ಕೆಟ್ಟ ಹೆಸರೇ. ಹೇಳದಿದ್ದರೆ ಅವಳು ಪುಣ್ಯವಂತಿ.

"ಎಂತ ಮಗಾ?" ಎಂದರು ಗಣಪಯ್ಯನವರು, ತುಂಬ ಪ್ರೀತಿಯಿಂದ.

"ಎಂತ ಇಲ್ಲ ಮಾವ," ಎಂದು ಅವಳು ಕಾಲನ್ನು ಒಳಗೆಳೆದುಕೊಂಡಳು. ಒನಕೆಯನ್ನು ಸೆರಗಿನಿಂದ ಒರೆಸಿ, ಬರುವ ವರ್ಷ ಕತ್ತಲಲ್ಲಿ ತಡಕಾಡದೆ ಕೈಗೆ ಸಿಗುವ ಹಾಗೆ, ಬಾಗಿಲ ಮೂಲೆಗೆ ಒರಗಿಸಿಟ್ಟಳು.