ನಮ್ಮಮ್ಮ ಇನ್ನೊಬ್ಬರ ಅಮ್ಮನಾದ ಪ್ರಸಂಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ ಸ್ವಾಮಿ, ಈ ಪ್ರಸಂಗದಲ್ಲಿ ಕದ್ದವನು ಬೇರೆಯವನಾದರೂ ಕತ್ತೆಯಾದವನು ನಾನೇ. ಶುರುವಾದದ್ದು ಚಾಮರಾಜಪುರದ ನಮ್ಮ ಮನೆಯ ಸಾರಿನ ಪಾತ್ರೆಯಿಂದ. ನಮ್ಮಮ್ಮ ಉಪ್ಪು ಹಾಕಿದ ಮೇಲೆ ರುಚಿ ನೋಡುವವಳಲ್ಲ. ಪಾತ್ರೆಯತ್ತ ಬಗ್ಗಿ, ಕುದಿಯುವ ಸದ್ದಿಗೆ ಕಿವಿಗೊಟ್ಟು, ಸಂಗೀತ ಸ್ಪರ್ಧೆಯ ತೀರ್ಪುಗಾರ್ತಿಯ ಗತ್ತಿನಲ್ಲಿ 'ಇನ್ನೊಂದು ಚಿಟಿಕೆ' ಎನ್ನುತ್ತಾಳೆ. ಆ ಕಿವಿ ಈವರೆಗೆ ತಪ್ಪಿಲ್ಲ. ಇದನ್ನು ನನ್ನ ಬ್ಲಾಗಿನಲ್ಲಿ ಬರೆದೆ. ಅಮ್ಮನಿಗೆ ಎಷ್ಟು ಹಿಗ್ಗಾಯಿತೆಂದರೆ, ತನ್ನ ತವರಿನ ವಾಟ್ಸಾಪ್ ಗುಂಪಿಗೆ ಅದನ್ನು ಮೂರು ಸಲ ಕಳಿಸಿದಳು, ಯಾರಾದರೂ ಓದದೆ ಉಳಿದಾರೆಂಬ ಭಯದಲ್ಲಿ.

ಕೆಲವು ತಿಂಗಳ ಮೇಲೆ ಅದೇ ಗುಂಪಿಗೆ ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಒಂದು ಕೇಟರಿಂಗ್‌ನವರ ಪೇಜಿನ ಬರಹವನ್ನು ಹಾಕಿದರು. ಮೇಲೆ ಕೈಮುಗಿದು ನಿಂತ ಗಡ್ಡದ ಅಡುಗೆ ಕಂಟ್ರಾಕ್ಟರು; ಕೆಳಗೆ 'ನನ್ನ ತಾಯಿ ಸಾರಿನ ಸದ್ದು ಕೇಳಿ ಉಪ್ಪು ಹೇಳುತ್ತಾರೆ' ಎಂದು ಶುರುವಾಗಿ ಅಲ್ಪವಿರಾಮವೂ ಬದಲಾಗದ ನನ್ನ ಲೇಖನ; ಅದರ ಬಾಲಕ್ಕೆ 'ಮದುವೆ, ಗೃಹಪ್ರವೇಶಗಳಿಗೆ ಸಂಪರ್ಕಿಸಿ'. ಮಾವ ಜೊತೆಗೆ ಒಂದು ಸಾಲು ಸೇರಿಸಿದ್ದರು: "ನಮ್ಮ ಹುಡುಗ ಇದನ್ನ ಎಲ್ಲಿಂದ ಎತ್ತಿದ್ದು ಅಂತ ಈಗ ಗೊತ್ತಾಯ್ತು ಬುಡಿ."

ಮಾವನನ್ನೂ ಪೂರ್ತಿ ದೂರುವಂತಿಲ್ಲ. ಹುಟ್ಟಿದಾಗಿನಿಂದ ನಾನು ಮಾಡಿಕೊಂಡು ಬಂದದ್ದೇ ಕಂಡವರ ಮಾತು, ನಡಿಗೆ, ಸೀನುಗಳ ಅಣಕ; ಅವರ ಮದುವೆಯಲ್ಲಿ ಅವರದೇ ಭಾಷಣವನ್ನು ಅವರಿಗಿಂತ ಮೊದಲು ಮಾಡಿ ಮುಗಿಸಿದವನು ನಾನು. ಬ್ಲಾಗಿನ ತಾರೀಖು ತೋರಿಸಿದರೆ, "ಕಂಪ್ಯೂಟರ್‌ನಲ್ಲಿ ತಾರೀಖು ತಿದ್ದೋದೇನು ಮಹಾ?" ಎಂದರು. ನನಗಿಂತ ಹೆಚ್ಚು ನೊಂದದ್ದು ಅಮ್ಮ. "ಅಲ್ಲ ಕಣೋ, ಈ ಗಡ್ಡದವನನ್ನ ನಾನ್ಯಾವಾಗ ಹೆತ್ತೆ?" ಎಂದು ನಗುತ್ತಲೇ ಕೇಳಿದಳು, ನಕ್ಕು ಮುಗಿದ ಮೇಲೆ, ಬರುವ ಭಾನುವಾರ ಮಾವನ ಹೊಸ ಮನೆಯ ಗೃಹಪ್ರವೇಶಕ್ಕೆ ತಾನು ಹೋಗುವುದಿಲ್ಲ ಎಂದಳು. ಮಗನನ್ನು ಕಳ್ಳನೆಂದವರ ಮನೆಯ ಹೊಸ್ತಿಲು ತುಳಿಯಲಾರಳಂತೆ. ಭಾನುವಾರಕ್ಕೆ ಐದೇ ದಿನ.

ಯೋಚಿಸಿ ನೋಡಿ: ಕೊಡೆ ಕಳುವಾದರೆ ಗೋಡೆಯ ಮೊಳೆ ಬರಿದಾಗುತ್ತದೆ, ದೇವಸ್ಥಾನದ ಮುಂದೆ ಚಪ್ಪಲಿ ಕಳುವಾದರೆ ಕಾದ ನೆಲವೇ ಸಾಕ್ಷಿ ಹೇಳುತ್ತದೆ. ಬರಹ ಕಳುವಾದಾಗ ಮಾತ್ರ ಒಂದಕ್ಷರವೂ ಕಾಣೆಯಾಗಿರುವುದಿಲ್ಲ. ಅದು ನಮ್ಮ ಮನೆಯಲ್ಲಿ ಎಂದಿನಂತೆ ಕಾಲು ಚಾಚಿ ಕೂತಿರುತ್ತದೆ. ಅದೇ ಹೊತ್ತಿಗೆ ಇನ್ನೊಬ್ಬರ ಮನೆಯ ಬಾಗಿಲಲ್ಲಿ ಅವರ ಇನಿಷಿಯಲ್ ಹಚ್ಚಿಕೊಂಡು ಬಂದವರಿಗೆಲ್ಲ ಪನ್ನೀರು ಚಿಮುಕಿಸುತ್ತಿರುತ್ತದೆ. ನಿಮ್ಮ ಮುಂದೆ ಮುಚ್ಚುಮರೆಯೇಕೆ, ಆ ಪೇಜಿನ ಹೋಳಿಗೆಯ ಚಿತ್ರದ ಪಕ್ಕದಲ್ಲಿ ನನ್ನ ಲೇಖನ ನನ್ನ ಬ್ಲಾಗಿನಲ್ಲಿದ್ದುದಕ್ಕಿಂತ ಲಕ್ಷಣವಾಗಿ ಕಾಣುತ್ತಿತ್ತು. ಕದಿಯುವಷ್ಟು ಚೆನ್ನಾಗಿ ಬರೆದಿದ್ದೇನಲ್ಲ ಎಂದು ಒಳಗೊಳಗೇ ಒಂದು ಕ್ಷಣ ಮೀಸೆ ತಿರುವಿದ್ದೂ ಉಂಟು. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಅದು ಬೇರೆ ಮಾತು.

ಪೇಜಿಗೆ ಸಂದೇಶ ಕಳಿಸಿದೆ: 'ಇದು ನನ್ನ ಬರಹ, ದಯವಿಟ್ಟು ತೆಗೆಯಿರಿ.' ತಕ್ಷಣ ಯಂತ್ರದ ಉತ್ತರ ಬಂತು: 'ಸಂಪರ್ಕಿಸಿದ್ದಕ್ಕೆ ಧನ್ಯವಾದ. ಎಷ್ಟು ಎಲೆ ಊಟ?' ಇನ್ನೊಮ್ಮೆ ಗದರಿಸಿ ಬರೆದೆ. ಮತ್ತೆ ಅದೇ ವಿನಯ, ಎಷ್ಟು ಎಲೆ ಊಟ? ನನ್ನ ರೋಷಕ್ಕೆ ಬಾಳೆಲೆ ಹಾಸಿ ಕೂರಿಸುವ ಆ ಮರ್ಯಾದೆಯನ್ನು ತಡೆಯಲಾಗದೆ, ಪೇಜಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ನನ್ನ ದನಿಯಲ್ಲಿ ಮಾಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನಮ್ಮ ಪಕ್ಕದ ಮನೆಯ ಚೌರಪ್ಪನವರು ವಕೀಲರು, ನೋಟರಿ ಕೂಡ. ಲಷ್ಕರ್ ಮೊಹಲ್ಲಾದಲ್ಲಿ ಅವರ ಆಫೀಸು. ಮಾತಿಗೆ ಮೊದಲು ಗಂಟಲಲ್ಲಿ ಗಾಡಿ ಸ್ಟಾರ್ಟ್ ಮಾಡಿ, ಮಾತಿನ ನಡುವೆ ಕನ್ನಡಕ ಹುಡುಕುವಷ್ಟು ಹೊತ್ತು ನಿಂತು, ಕೊನೆಗೆ 'ಕಾನೂನು ಪ್ರಕಾರ' ಎಂದು ಎಳೆಯುವ ಅವರ ದನಿ ನನಗೆ ಕರತಲಾಮಲಕ. ಆ ದನಿಯಲ್ಲಿ ಅಡುಗೆಯವರನ್ನು ಕಾನೂನು ಪ್ರಕಾರ ಜೈಲಿಗೆ ಕಳಿಸಿ, ಗಾಂಭೀರ್ಯಕ್ಕೆ ಕೊರತೆಯಾಗದಿರಲೆಂದು ಚೌರಪ್ಪನವರ ಹೆಸರನ್ನೂ ಆಫೀಸಿನ ವಿಳಾಸವನ್ನೂ ಹೇಳಿ ಫೋನ್ ಇಟ್ಟೆ.

ಮಾರನೆಯ ದಿನ ಬೆಳಗ್ಗೆ ಅಸಲಿ ಚೌರಪ್ಪನವರ ಫೋನು. "ಲೋ, ಆಫೀಸಿಗೆ ಬಾರೋ. ನಿನ್ನೆ ನಾನು ಯಾರಿಗೋ ಫೋನ್ ಮಾಡಿದ್ನಂತೆ. ಏನು ಮಾತಾಡ್ದೆ ಅಂತ ನಿನ್ನ ಕೇಳಿ ತಿಳ್ಕೋಬೇಕು."

ಹೋದರೆ, ಫೋಟೋದ ಗಡ್ಡವೇ ಎದುರು ಕುರ್ಚಿಯಲ್ಲಿ! ತೊಡೆಯ ಮೇಲೆ ಚಿರೋಟಿಯ ಡಬ್ಬ. ಹೆದರಿ, ಜಯಲಕ್ಷ್ಮಿಪುರದಿಂದ ನೇರ ಕ್ಷಮೆ ಕೇಳಲು ಬಂದುಬಿಟ್ಟಿದ್ದರು. ಹೆಸರು ಮಾದೇಶ.

"ಮಾದೇಶ್, ಇವನೇ ಕಣ್ರೀ ನಿನ್ನೆಯ ನಾನು," ಎಂದು ಚೌರಪ್ಪನವರು ನನ್ನನ್ನು ಪರಿಚಯಿಸಿದರು. ನನ್ನತ್ತ ತಿರುಗಿ, "ಇಷ್ಟು ವರ್ಷ ನೋಟಿಸ್ ಕಳಿಸ್ತಿದೀನಿ, ಒಬ್ಬನೂ ಹೆದರಿ ಬಂದಿರ್ಲಿಲ್ಲ ಕಣಯ್ಯ. ಅದೇನು ಹೇಳ್ದೆ? ಬರೆದುಕೊಡು, ಇಟ್ಕೋತೀನಿ," ಎಂದರು. ಅವರ ಕಣ್ಣಲ್ಲಿ ಕೋಪವೆಷ್ಟು, ಹೆಮ್ಮೆಯೆಷ್ಟು ಎಂದು ನನಗೆ ಈಗಲೂ ಬಗೆಹರಿದಿಲ್ಲ.

ಮಾದೇಶಣ್ಣ ನನ್ನ ಮುಖ ನೋಡಲಾರದೆ ಡಬ್ಬಕ್ಕೆ ಹೇಳಿಕೊಂಡರು: "ತಪ್ಪಾಗೋಯ್ತು ಸಾ. ಫಾರ್ವರ್ಡ್‌ನಲ್ಲಿ ಬಂತು, ಬರೆದೋರ ಹೆಸರೇ ಇರ್ನಿಲ್ಲ. ನಮ್ಮವ್ವನೂ ಇಂಗೇ ಕುದಿ ಸದ್ದು ಕೇಳೇ ಹೇಳೋಳು. ಓದ್ತಾ ಓದ್ತಾ ಅಳು ಬಂದ್ಬುಡ್ತು. ನನ್ಗೆ ಇಂಗೆಲ್ಲ ಬರಿಯಾಕೆ ಬರಾಕಿಲ್ಲ, ಅದ್ಕೇ ಅಂಗೇ ಹಾಕ್ಬುಟ್ಟೆ."

ಇದಕ್ಕೆ ಏನು ಹೇಳುತ್ತೀರಿ? ನನ್ನಮ್ಮನ ಕಿವಿ ಇನ್ನೊಬ್ಬ ತಾಯಿಗೂ ಇತ್ತೆಂಬುದು ನನಗೆ ಹೊಳೆದೇ ಇರಲಿಲ್ಲ. ನನಗೆ ಬರೆಯಲು ಬಂತು, ಅವರಿಗೆ ಬರಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ಅಂತರ ಅಷ್ಟೆ. ಅಂತರ ಸಣ್ಣದಾದರೂ ಅದರ ಮೇಲೆ ಹೆಸರಿರಬೇಕೆಂದು ಚೌರಪ್ಪನವರೇ ತೀರ್ಮಾನಿಸಿ, ಅಲ್ಲೇ ಕೂರಿಸಿ ಪೇಜಿನಲ್ಲಿ ಬರೆಸಿದರು: 'ಇದನ್ನು ಬರೆದವರು' ಎಂದು ನನ್ನ ಹೆಸರು, 'ಇದರಲ್ಲಿರುವ ತಾಯಿ ಇವರ ತಾಯಿ, ನಮ್ಮವ್ವನಂತೆಯೇ' ಎಂದು ಮಾದೇಶಣ್ಣನ ಸ್ವಂತ ಸಾಲು. ಸುಳ್ಳಾಡುವುದು ಬೇಡ, ಇಡೀ ಲೇಖನದಲ್ಲಿ ಅದೇ ಒಳ್ಳೆಯ ಸಾಲು. ಅದನ್ನು ತವರಿನ ಗುಂಪಿಗೆ ಕಳಿಸಿದೆ. ಕ್ಷಮಿಸು ಎಂಬ ಪದ ಬಾಯಿಗೆ ಬಾರದ ಮಾವ, 'ಅಕ್ಕ, ಭಾನುವಾರ ಬೇಗ ಬಾ, ಹಾಲು ನೀನೇ ಉಕ್ಕಿಸಬೇಕು' ಎಂದು ಬರೆದರು. ಎರಡೇ ನಿಮಿಷಕ್ಕೆ ಅಮ್ಮನ ಫೋನು: "ಲೋ, ಯಾವ ಸೀರೆ ಉಡ್ಲೋ?"

ಅಲ್ಲಿಗೆ ಎದ್ದು ಬರಬೇಕಿತ್ತು. ಗೆದ್ದವನಿಗೆ ಗೆದ್ದಷ್ಟು ಸಾಲದು ನೋಡಿ. ಚಿರೋಟಿ ಮೆಲ್ಲುತ್ತಲೇ ಇನ್ನೊಂದು ಸಾಲು ಬೇಕೆಂದು ಹಟ ಹಿಡಿದೆ: 'ನಾನು ಇದನ್ನು ಕದ್ದಿದ್ದೆ' ಎಂದು ಮಾದೇಶಣ್ಣ ಸ್ಪಷ್ಟವಾಗಿ ಬರೆಯಬೇಕು. ಅವರ ಮುಖ ಬಾಡಿತು, "ಅಂಗ್ ಬರುದ್ರೆ ನನ್ನ ಅಡ್ಗೆಗೆ ಯಾರ್ ಕರೀತಾರೆ ಸಾ?" ಎಂದರು. ನಾನು ನ್ಯಾಯಮೂರ್ತಿಯಂತೆ ವಕೀಲರ ಕಡೆ ತಿರುಗಿ, "ನೀವೇ ಹೇಳಿ ಸರ್, ಮಾಡಿದ್ದನ್ನ ಮಾಡಿದೆ ಅಂತ ಬರೆಯೋದ್ರಲ್ಲಿ ಏನು ತಪ್ಪು?" ಎಂದೆ.

ಚೌರಪ್ಪನವರು ಗಂಟಲು ಸರಿಮಾಡಿಕೊಂಡರು, ಕನ್ನಡಕ ಹುಡುಕುವಷ್ಟು ಹೊತ್ತು ಸುಮ್ಮನಿದ್ದರು, ಆಮೇಲೆ ಹೇಳಿದರು:

"ಏನೂ ತಪ್ಪಿಲ್ಲ, ಬರೀಲಿ. ಅದರ ಕೆಳಗೆ ನೀನೂ ಬರಿ, 'ನಿನ್ನೆ ಫೋನಲ್ಲಿ ಚೌರಪ್ಪ ಆಗಿದ್ದೋನು ನಾನು' ಅಂತ. ಇಬ್ರೂ ಸೈನ್ ಹಾಕ್ರಪ್ಪ, ನಾನು ಸೀಲ್ ಹೊಡೀತೀನಿ."