ವಾಲ್ಟ್ಸ್‌ನ ನಡುವಿನ ಭಾಗ

ಅರಬ್ ನಾಡಿನ ಯಾನ್ಬುವಿನ ನಮ್ಮ ಫ್ಲ್ಯಾಟಿನಲ್ಲಿ ಕೀಬೋರ್ಡ್ ಇರುವುದು ಊಟದ ಮೇಜಿನ ಒಂದು ತುದಿಯಲ್ಲಿ. ಇನ್ನೊಂದು ತುದಿಯಲ್ಲಿ ಕೂತು ಇವರು ಸಂಜೆಯ ಚಹಾ ಕುಡಿಯುತ್ತಾರೆ. ಪ್ಲಾಂಟಿನ ಕಂಪ್ರೆಸರ್‌ಗಳ ಪಕ್ಕ ವರ್ಷಗಟ್ಟಲೆ ನಿಂತು ಇವರ ಕಿವಿ ಮೊದಲು ಮಂದವಾಯಿತು, ಕಳೆದ ವರ್ಷ ಪೂರ್ತಿ ಹೋಯಿತು. ಕಿವಿಗೆ ಯಂತ್ರ ಇಟ್ಟರೂ ಪ್ರಯೋಜನವಿಲ್ಲವೆಂದು ದೂರದ ಅಲ್ ಖೋಬರಿನ ದೊಡ್ಡ ಆಸ್ಪತ್ರೆಯ ಡಾಕ್ಟರೂ ಹೇಳಿದರು. ಈಗ ಸಂಜೆಯ ಮಗ್ರಿಬ್ ಬಾಂಗ್ ಆದದ್ದು ಇವರಿಗೆ ತಿಳಿಯುವುದು, ಕೆಳಗಿನ ಅಂಗಡಿಯವನು ಮಸೀದಿಯತ್ತ ಹೊರಟದ್ದನ್ನು ಕಿಟಕಿಯಿಂದ ನೋಡಿ.

ನಾನು ನುಡಿಸುವ ವಾಲ್ಟ್ಸ್ ಕಾನ್ವೆಂಟಿನಲ್ಲಿ ಪಿಯಾನೋ ಹೇಳಿಕೊಟ್ಟ ಸಿಸ್ಟರ್ ಕಲಿಸಿದ್ದು. ಮದುವೆಯಾದ ಹೊಸದರಲ್ಲೇ ಅದು ಇವರಿಗೆ ಹಿಡಿಸಿತ್ತು. "ನಿನ್ನ ಗಿರಗಿಟ್ಲೆ ಶುರು ಮಾಡು" ಎನ್ನುತ್ತಿದ್ದರು.

ಮೂರು ಎಣಿಕೆಯ ಕುಣಿತ ಅದು. ಮೊದಲ ಎಣಿಕೆಗೆ ಎಡಗೈ ಕೆಳಗಿನ ಒಂದು ಸ್ವರವನ್ನು ಗಟ್ಟಿಯಾಗಿ ಒತ್ತಬೇಕು, ಉಳಿದೆರಡಕ್ಕೆ ಸ್ವಲ್ಪ ಮೇಲೆ ಹಗುರವಾಗಿ ಮುಟ್ಟಬೇಕು. ಆ ಮೊದಲನೆಯದಕ್ಕೆ ಕೀಬೋರ್ಡಿನ ಸ್ಪೀಕರ್ ಗುಡುಗಿ ಮೇಜು ಸಣ್ಣಗೆ ನಡುಗುತ್ತದೆ, ಕಪ್ಪಿನಲ್ಲಿ ಚಹಾದ ಕೆನೆ ಅದುರುತ್ತದೆ. ಕಿವಿ ಹೋದ ಮೇಲೆ ಇವರು ಮೇಜಿನ ಮೇಲೆ ಅಂಗೈ ಊರಿ ಕೂರತೊಡಗಿದರು. ನಿನ್ನ ಮಿಕ್ಸಿಗಿಂತ ಇದೇ ವಾಸಿ ಎಂದು ನಕ್ಕದ್ದೂ ಉಂಟು. ಬಲಗೈಯ ರಾಗ ಅಲ್ಲಿಗೆ ತಲುಪುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಡುವಿನ ಭಾಗದಲ್ಲಿ ಎರಡೂ ಕೈ ಮೇಲಕ್ಕೆ ಹೋಗುತ್ತವೆ. ಕೆಳಗಿನ ಸ್ವರವೇ ಇಲ್ಲ, ಎಲ್ಲ ಮೆತ್ತಗೆ. ಅಷ್ಟಾಗುವಾಗ ಇವರು ಅಂಗೈ ತೆಗೆದು, ಕಪ್ಪು ಹಿಡಿದುಕೊಂಡು ಎದ್ದುಬಿಡುತ್ತಿದ್ದರು. ಮೊದಲ ಭಾಗ ಮರಳಿ ಬರುವುದನ್ನೂ ಕೊನೆಯ ಪುಟ್ಟ ಬಾಲವನ್ನೂ ನಾನು ಖಾಲಿ ಕುರ್ಚಿಗೆ ನುಡಿಸುತ್ತಿದ್ದೆ. ಪಾಪ, ಮುಗಿಯಿತೆಂದು ತಿಳಿಯುತ್ತಾರೆ ಅಂದುಕೊಂಡೆ.

ಅದಕ್ಕೇ ಒಂದು ಸಂಜೆ ನಡುವಿನದನ್ನು ಬಿಟ್ಟುಬಿಟ್ಟೆ. ಮೊದಲ ಭಾಗ ಮುಗಿದ ಕೂಡಲೇ ಪುನಃ ಅದೇ, ಪುನಃ ಅದೇ. ಇವರು ಏಳಲಿಲ್ಲ. ನಡುವೆ ಎಲ್ಲಿಗಾದರೂ ಹೋಗಿ ಬಂದರೆ ಮಾತ್ರ ಅದು ಮರಳುವುದು, ಇಲ್ಲದಿದ್ದರೆ ಬರೀ ಸುತ್ತು ಎಂದು ಸಿಸ್ಟರ್ ಹೇಳುತ್ತಿದ್ದದ್ದು ನೆನಪಾಯಿತು. ಆದರೂ ಸುತ್ತಿದೆ. ನನ್ನ ಕಣ್ಣು ಇವರ ಅಂಗೈಯ ಮೇಲೇ ಇತ್ತು.

"ನಡುವಿನದ್ದು ಬಿಟ್ಟದ್ದಾ ನೀನು?" ಇವರ ದನಿ ಈಚೆಗೆ ಬೇಕಾದ್ದಕ್ಕಿಂತ ದೊಡ್ಡದು.

ಹೌದೆಂದು ತಲೆಯಾಡಿಸಿದೆ. ನೀವು ಎದ್ದು ಹೋಗುತ್ತೀರಲ್ಲ ಎಂದು ಕೈಸನ್ನೆ ಮಾಡಿದೆ.

"ಮುಗೀತು ಅಂತ ಏಳುವುದಲ್ಲ ಮಾರಾಯ್ತಿ. ನನಗೆ ಇಷ್ಟ ಇದ್ದದ್ದೇ ಅದೊಂದು. ಅದು ಬರುವಾಗ ಕೈಗೆ ಎಂತದ್ದೂ ಸಿಗುವುದಿಲ್ಲ. ಕೂತು ಎಂತ ಮಾಡುವುದು?"

ಆ ಸಂಜೆ ನಾನು ಮತ್ತೆ ನುಡಿಸಲಿಲ್ಲ. ಅಷ್ಟು ವರ್ಷ ಜತೆಗಿದ್ದೂ ಇವರಿಗೆ ಯಾವ ಭಾಗ ಇಷ್ಟವೆಂದು ಕೇಳಿರಲಿಲ್ಲ. ಕಿವಿ ಇದ್ದಾಗ ಕೇಳಿದ್ದರೆ ಅದನ್ನೇ ಎಷ್ಟು ಸಲ ಬೇಕಾದರೂ ನುಡಿಸುತ್ತಿದ್ದೆ.

ಈಗ ಇವರು ಮೇಜಿನ ಮೇಲೆ ಕೈ ಊರುವುದಿಲ್ಲ. ಚಹಾ ಕುಡಿಯುತ್ತಾ ಕಿಟಕಿಯ ಕಡೆ ನೋಡುತ್ತಾರೆ. ನಾನು ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತೇನೆ, ಮನೆಯಲ್ಲಿ ಕೇಳುವವರು ಯಾರೂ ಇಲ್ಲದಿದ್ದರೂ. ಹಾಗೆ ಮಾಡಿದರೆ ಮೇಜು ನಡುಗುವುದಿಲ್ಲ. ಕಪ್ಪಿನಲ್ಲಿ ಚಹಾ ಅಲ್ಲಾಡದೆ ತಣ್ಣಗಾಗುತ್ತದೆ.