ಅಜ್ಜಿ ಇಳಿಯದ ಕಾರು

ವಾಷರಿನ ಅಡಿಯಲ್ಲಿ ಹುಣಸೆಬೀಜದಷ್ಟು ಬಣ್ಣ ಉಳಿದಿತ್ತು.

ಡ್ಯಾಶ್‌ಬೋರ್ಡಿನ ಎಡತುದಿಯ ಸ್ಕ್ರೂ ಅದು. ಸ್ಕ್ರೂ ಬಂದರೂ ವಾಷರ್ ಬರಲಿಲ್ಲ. ಬ್ಲೇಡಿನ ತುದಿಯಿಂದ ಮೆಲ್ಲಗೆ ಎಬ್ಬಿಸಿದೆ. ಸುತ್ತಲೂ ತುಕ್ಕು. ನಡುವೆ ಅಷ್ಟೇ ಅಷ್ಟು ಜಾಗದಲ್ಲಿ ಬಿಸಿಲನ್ನೇ ಕಾಣದ ಬಣ್ಣ. ಹಾಲು ಹೆಚ್ಚಾದ ಚಹಾದ ಹಾಗೆ.

"ಹಸಿರಾ?" ಎಂದರು ಹಿಂದೆ ನಿಂತಿದ್ದ ಚಿಕ್ಕಪ್ಪ. ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದರು.

"ಅಲ್ಲ ಚಿಕ್ಕಪ್ಪಾ."

"ಸರಿಯಾಗಿ ನೋಡು ಅಮ್ಮಣಿ. ಇಂಗ್ಲಿಷ್‌ಕಾರನ ಸ್ಪೋರ್ಟ್ಸ್ ಕಾರು. ಹಸಿರೇ ಇರ್ಬೇಕು."

ಸರಿಯಾಗಿ ನೋಡಿದೆ. ಚಹಾ ಚಹಾವಾಗಿಯೇ ಇತ್ತು. "ಲ್ಯಾಬಿನ ಬೆಳಕಲ್ಲಿ ನೋಡಿ ಹೇಳ್ತೀನಿ" ಎಂದು ಒಂದು ಚಿಟಿಕೆ ಕೆರೆದುಕೊಂಡು, ವಾಷರನ್ನು ಜೇಬಿಗೆ ಹಾಕಿಕೊಂಡೆ.

ಮುಂದೆ ಹೋಗುವ ಮೊದಲು ಒಂದು ವಿಷಯ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಯಾರೂ ಕನ್ನಡ ಓದುವುದಿಲ್ಲ. ತಲೆಮಾರುಗಳಿಂದ ಈ ಕೊಯಮತ್ತೂರು ಸೀಮೆಯಲ್ಲಿ ಮಗ್ಗ ಹಾಕಿದವರು. ಅಕ್ಷರ ಅಂದರೆ ತಮಿಳು. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಬಸ್ ಬೋರ್ಡು ನೋಡಿ ನೋಡಿ ಕನ್ನಡ ಅಕ್ಷರ ಕಲಿತೆ. ಹಾಗಾಗಿ ವಾರವಾರ ನಾನಿಲ್ಲಿ ಬರೆಯುವುದನ್ನು ಸಾವಿರಾರು ಅಪರಿಚಿತರು ಓದುತ್ತಾರೆ, ಮನೆಯವರು ಓದಲಾರರು. (ಕೇಳಿದರೆ "ಬಟ್ಟೆ ಬಗ್ಗೆ ಏನೋ" ಎನ್ನುತ್ತೇನೆ.) ಗುಟ್ಟು ಇಡಲು ಇದಕ್ಕಿಂತ ಭದ್ರವಾದ ಜಾಗ ಉಂಟೆ?

ಈ ವಾರ ಒಂದು ಗುಟ್ಟಿದೆ.

ಚಿಕ್ಕಪ್ಪನಿಗೆ ತಿರುಪ್ಪೂರಿನಲ್ಲಿ ಬಟನ್, ಲೇಬಲ್ ವ್ಯಾಪಾರ. ಬನಿಯನ್ ಕಂಪನಿಗಳಿಗೆ ಸಪ್ಲೈ. ಕಾರು ಹುಚ್ಚೇನೂ ಇರಲಿಲ್ಲ. ಇದ್ದದ್ದು ನಮ್ಮ ಮನೆಯ ಹಾಲ್‌ನ ಗೋಡೆಯ ಮೇಲಿನ ಒಂದು ಕಪ್ಪುಬಿಳುಪು ಫೋಟೋ. ಅದರಲ್ಲಿ ನನ್ನ ತಾತ ಮದುಮಗ. ಮದುವೆಯ ಹಿಂದಿನ ಸಾಯಂಕಾಲ ವರನನ್ನು ಮೆರವಣಿಗೆಯಲ್ಲಿ ಕರೆತರುವ 'ಮಾಪ್ಪಿಳ್ಳೆ ಅಳೈಪ್ಪು'. ತೆರೆದ ಕಾರು, ಎರಡೇ ಸೀಟು. ತಾತ ಹಿಂದೆ ಮಡಿಸಿದ ಟಾಪಿನ ಮೇಲೆ ರಾಜನಂತೆ ಕೂತಿದ್ದಾರೆ. ಮುಂದಿನ ಸೀಟಿನಲ್ಲಿ ಅವರಕ್ಕನ ಮಗ, ಮೂಗು ಒರೆಸಿಕೊಳ್ಳುತ್ತಾ. ನಂಬರ್ ಪ್ಲೇಟಿನ ಮೇಲೆ ಹೂವಿನ ಹಾರ. ಬಾನೆಟ್ಟಿನ ಪಕ್ಕದಲ್ಲಿ ಗಾಳಿಗೆಂದು ಬಿಟ್ಟ ಸೀಳುಗಳ ಸಾಲು. ಅದರಲ್ಲಿ ಒಂದು ಮಾತ್ರ ಸೊಟ್ಟ.

ಮರುದಿನ ತಾತ ಅಜ್ಜಿಯನ್ನು ಅದೇ ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಮನೆಗೆ ತಂದರಂತೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಅನ್ನಪ್ರಾಶನಕ್ಕೂ ಮೊದಲು ಈ ಕಥೆ ತಿನ್ನಿಸುತ್ತಾರೆ.

ಹೋದ ವರ್ಷ ಚಿಕ್ಕಪ್ಪ ಪಾಲಕ್ಕಾಡ್ ರಸ್ತೆಯಲ್ಲಿ ಬರುವಾಗ ಮದುಕ್ಕರೈನಲ್ಲಿ ಟೀ ಕುಡಿಯಲು ನಿಂತರು. ಅಂಗಡಿಯ ಹಿಂದೆ ಬೇವಿನ ಮರ. ಮರದ ಕೆಳಗೆ ಒಂದು ಗುಜರಿ ಕಾರು. ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಬಾನೆಟ್ಟಿನ ಪಕ್ಕದಲ್ಲಿ ಸೀಳುಗಳ ಸಾಲು. ಒಂದು ಸೊಟ್ಟ.

ಟೀ ಅರ್ಧಕ್ಕೇ ಬಿಟ್ಟರು. ಮೊಟ್ಟೆ ಮರಿಯಾಗುವವರೆಗೆ ಕಾಯಬೇಕೆಂದು ಟೀ ಅಂಗಡಿಯಾಕೆ ಹಟ ಹಿಡಿದಳು. ಕಾದರು. ಆಮೇಲೆ ಲಾರಿಯಲ್ಲಿ ಕಾರನ್ನು ತಂದು ಗೋಡೌನಿನ ಹಿಂದೆ ಇಳಿಸಿ, ಫೋನಿನಲ್ಲಿ ಬಿಕ್ಕಿದರು. "ಅಮ್ಮಣಿ, ಅವ್ವನ್ನ ಮತ್ತೆ ಅವಳ ಕಾರಲ್ಲೇ ಕೂರಿಸ್ತೀನಿ."

(ಯಾವ ಕಂಪನಿಯ ಕಾರು ಎಂದು ಹೇಳುವುದಿಲ್ಲ. ಹೇಳಿದರೆ ನಾಳೆಯೇ ನಿಮ್ಮಲ್ಲಿ ಯಾರೋ ಕೊಳ್ಳಲು ಬರುತ್ತೀರಿ.)

ರಿಪೇರಿ ಶುರುವಾಯಿತು. ಮೆಕ್ಯಾನಿಕ್ ಸೆಲ್ವರಾಜಣ್ಣ ಯಾವ ತೊಂದರೆಗೂ "ಒಣ್ಣುಂ ಪ್ರಚ್ನೈ ಇಲ್ಲೀಂಗ" ಎನ್ನುವ ಮನುಷ್ಯ. ಒಂದೂ ಸಮಸ್ಯೆ ಇಲ್ಲ! ನಟ್ಟುಗಳೆಲ್ಲ ಇಂಚಿನ ಲೆಕ್ಕದವು, ಅವರ ಸ್ಪ್ಯಾನರುಗಳೆಲ್ಲ ಮಿಲಿಮೀಟರಿನವು. ಪ್ರಚ್ನೈ ಇಲ್ಲ, ಬಟ್ಟೆ ಸುತ್ತಿ ತಿರುಗಿಸಿದರು. ನಟ್ಟಿನ ಮೂಲೆಗಳು ಸವೆದು ಗುಂಡಗಾದವು. ಆಗಲೂ ಪ್ರಚ್ನೈ ಇಲ್ಲ, ಕೊಯಮತ್ತೂರಿನ ಲೇತ್ ಅಂಗಡಿಗೆ ಹೋಗಿ ಹೊಸದಾಗಿ ಕಡೆಸಿಕೊಂಡು ಬಂದರು. ಸ್ಪೋಕ್ ಚಕ್ರಗಳನ್ನು ಸೈಕಲ್ ಶಾಪಿನವರು ನೇರ ಮಾಡಿದರು. ಟಾಪನ್ನು ಬನಿಯನ್ ಕಂಪನಿಯ ಟೈಲರ್ ಹೊಲಿದುಕೊಟ್ಟ. ಇಂಗ್ಲಿಷರು ಹೋದರು, ಇಂಚು ಬಿಟ್ಟುಹೋದರು. ಉಳಿದದ್ದನ್ನೆಲ್ಲ ನಾವೇ ಮಾಡಿಕೊಂಡೆವು.

ಬಣ್ಣ ಮಾತ್ರ ನನ್ನ ಪಾಲಿಗೆ ಬಂತು. ನಾನು ಡೈಯಿಂಗ್ ಯೂನಿಟ್ಟಿನ ಲ್ಯಾಬಿನಲ್ಲಿ ಶೇಡ್ ಹೊಂದಿಸುವವಳು. ಪರದೇಶದ ಬಯರ್ ಒಂದು ತುಂಡು ಬಟ್ಟೆ ಕಳಿಸುತ್ತಾನೆ, ನಾನು ಅದೇ ಬಣ್ಣ ತರಬೇಕು. ಕೊಯಮತ್ತೂರಿನ ಹಳೇ ಕಾರುಗಳ ಮೇಳಕ್ಕೆ ಚಿಕ್ಕಪ್ಪ ಹೆಸರು ಕೊಟ್ಟಿದ್ದರು. ಅಲ್ಲಿ ಜಡ್ಜುಗಳು ಎರಡು ವಿಷಯ ಕೇಳುತ್ತಾರಂತೆ. ಬಣ್ಣ ಒರಿಜಿನಲ್ಲಾ? ಕಾರಿನ ಚರಿತ್ರೆ ಏನು?

ಚರಿತ್ರೆ ಹುಡುಕಲು ನಾನೇ ಕೊಯಮತ್ತೂರಿನ ಉಕ್ಕಡಕ್ಕೆ ಹೋದೆ. ಮೊದಲು ಮದುವೆಗಳಿಗೆ ಕಾರು ಬಾಡಿಗೆ ಕೊಡುತ್ತಿದ್ದ ಒಬ್ಬರ ಮಗ ಕೆರೆಯ ಹತ್ತಿರ ಇದ್ದಾರೆಂದು ಟೀ ಅಂಗಡಿಯಾಕೆ ಹೇಳಿದ್ದಳು. ಅವರಿಗೂ ಈಗ ವಯಸ್ಸಾಗಿದೆ. ನನ್ನ ಮೊಬೈಲಿನಲ್ಲಿ ಫೋಟೋ ನೋಡಿದ ಕೂಡಲೇ ನಕ್ಕರು. ಟೀ ಎಸ್ಟೇಟಿನ ದೊರೆಯೊಬ್ಬ ಊರಿಗೆ ಹೋಗುವಾಗ ಮಾರಿದ ಕಾರು, ಅವರಪ್ಪ ಕೊಂಡದ್ದು.

"ತುಂಬಾ ಫಾಸ್ಟಾ?" ಎಂದು ಕೇಳಿದೆ.

"ಅಯ್ಯೋ ಅಮ್ಮ, ಅದಕ್ಕೆ ಎಂಜಿನ್ ಎಲ್ಲಿ ಓಡ್ತಿತ್ತು?" ಅವರ ತಮಿಳನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ. "ಹಿಂದಿನಿಂದ ನಾಲ್ಕು ಜನ ತಳ್ಳೋರು. ಬ್ಯಾಂಡಿನವರಿಗೆ ಜೋರಾಗಿ ಬಾರಿಸಿ ಅಂತ ಅಪ್ಪ ಮೊದಲೇ ಹೇಳಿಬಿಡೋರು. ಎಂಜಿನ್ ಶಬ್ದ ಇಲ್ಲ ಅನ್ನೋದು ಯಾರಿಗೂ ಗೊತ್ತಾಗ್ತಿರಲಿಲ್ಲ."

"ಬಣ್ಣ?"

"ಪ್ರತಿ ಮುಹೂರ್ತದ ಸೀಸನ್‌ಗೂ ಮನೆಗೆ ಹೊಡೆದು ಮಿಕ್ಕ ಪೇಂಟು. ನಿಮ್ಮ ತಾತನ ವರ್ಷ ಯಾವುದೋ, ಯಾರಿಗೆ ನೆನಪು?"

ಸುಮ್ಮನೆ ಬರಬಹುದಿತ್ತು. ನನಗೆ ಎಲ್ಲವೂ ಕರಾರುವಾಕ್ಕಾಗಿ ಬೇಕು. "ಮರುದಿನ ಹುಡುಗಿಯನ್ನು ಮನೆಗೆ ಕರೆದೊಯ್ಯಲೂ ಇದೇ ಕಾರೇ?"

"ಹುಡುಗಿಗಾ? ಛೆ! ಒಂದು ಸಾಯಂಕಾಲಕ್ಕೆ ಮಾತ್ರ. ಮರುದಿನ ಬೇರೆ ಮಾಪ್ಪಿಳ್ಳೆ. ಅಲ್ಲದೆ ಇನ್ನೊಂದು ಊರವರೆಗೆ ತಳ್ಳೋರು ಯಾರಮ್ಮ?"

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಚಿಕ್ಕಪ್ಪ ಒಂದು ವರ್ಷದಿಂದ ಎಂಜಿನ್ನಿನ ಮುಂದೆ ಕೂತಿದ್ದಾರೆ. ಯಾರಿಗಾಗಿ? ಅಜ್ಜಿಗಾಗಿ. ಆ ಅಜ್ಜಿ ಈ ಕಾರಿನಲ್ಲಿ ಕೂತೇ ಇಲ್ಲ! ಇದನ್ನು ಚಿಕ್ಕಪ್ಪನಿಗೆ ಹೇಗೆ ಹೇಳುವುದು? ಹೇಳಲಿಲ್ಲ. ನಾನು ಕಡಿಮೆ ಮಾತಿನವಳು ಎಂಬ ಹೆಸರಿನಿಂದ ಇಂಥ ಹೊತ್ತಿನಲ್ಲಿ ಬಹಳ ಅನುಕೂಲವಿದೆ.

ಇತ್ತ ಮನೆಯಲ್ಲಿ ಎಲ್ಲರೂ ಅಜ್ಜಿಯ ಹಿಂದೆ ಬಿದ್ದಿದ್ದರು. ಬಣ್ಣ ನೋಡಿದವರಲ್ಲಿ ಈಗ ಉಳಿದವಳು ಅವಳೊಬ್ಬಳೇ ಅಲ್ಲವೇ? ಎಂಬತ್ತು ದಾಟಿದರೂ ನೆನಪು ಚುರುಕು. ಒಂದು ದಿನ "ಗಿಳಿ ಹಸಿರು" ಎಂದಳು, ಚಿಕ್ಕಪ್ಪ ಕುಣಿದರು. ಮರುದಿನ "ದ್ರಾಕ್ಷಿ." ಆಮೇಲೆ "ಮಾವಿನಹಣ್ಣು." ಎಲ್ಲವೂ ಸೀರೆಯ ಬಣ್ಣಗಳೇ ಎಂಬುದನ್ನು ನಾನು ಗಮನಿಸಿದೆ.

ಹೋದ ಭಾನುವಾರ ಸಾಯಂಕಾಲ ಕಾರು ಓಡಿತು. ತಾನಾಗಿಯೇ! ಬೂದು ಪ್ರೈಮರ್ ಮಾತ್ರ ಬಳಿದ ಮೈಯಲ್ಲಿ, ಮಗ್ಗಗಳೆಲ್ಲ ಒಟ್ಟಿಗೆ ಬಡಿದಂತೆ ಸದ್ದು ಮಾಡುತ್ತಾ ಮನೆಯ ಮುಂದೆ ಬಂದು ನಿಂತಿತು.

"ಅವ್ವಾ, ಬಾ, ನಿನ್ನ ಕಾರು!"

ಸ್ಪೋರ್ಟ್ಸ್ ಕಾರಿನ ಸೀಟು ಎಷ್ಟು ತಗ್ಗು ಎಂದು ನಿಮಗೆ ಗೊತ್ತೇ? ಬಾವಿಗೆ ಕೊಡ ಇಳಿಬಿಟ್ಟ ಹಾಗೆ ಅಜ್ಜಿಯನ್ನು ಇಳಿಬಿಟ್ಟರು. ಮಂಡಿ ಎದೆಯ ಹತ್ತಿರ ಬಂತು. ಫೋಟೋ ಆಯಿತು. ವಿಡಿಯೋ ಆಯಿತು. ಬೀದಿಯವರೆಲ್ಲ ನೋಡಿ ಹೋದದ್ದೂ ಆಯಿತು. ಇಳಿಸಲು ಹೋದರೆ ಅಜ್ಜಿ ಬರಲೊಲ್ಲಳು.

ಚಿಕ್ಕಪ್ಪ ಕೈ ಹಿಡಿದೆಳೆದರು. ಚಿಕ್ಕಮ್ಮ ಹಿಂದಿನಿಂದ ನೂಕಿದರು.

"ಬಿಡ್ರೋ! ಕೈ ಒಂದೇ ಕಿತ್ಕೊಂಡು ಬತ್ತದೆ. ಆಮೇಲೆ ಅದನ್ನೂ ಲೇತ್‌ನಲ್ಲಿ ಮಾಡಿಸ್ತೀಯಾ?"

ಸೆಲ್ವರಾಜಣ್ಣನಿಗೆ ಫೋನು ಹೋಯಿತು. ಪ್ರಚ್ನೈ ಇಲ್ಲವಂತೆ, ಬೋಲ್ಟ್ ಬಿಚ್ಚಿ ಸೀಟಿನ ಸಮೇತ ಎತ್ತಿಬಿಡಬಹುದಂತೆ. ಚಿಕ್ಕಪ್ಪ ಅವರನ್ನು ಕರೆತರಲು ಹೋದರು. ಚಿಕ್ಕಮ್ಮ ಕಾಫಿಗೆ ಒಳಗೆ ಹೋದರು. ನಾನು ಜೊತೆಗಿರಲೆಂದು ಡ್ರೈವರ್ ಸೀಟಿನಲ್ಲಿ ಕೂತೆ.

ಅಜ್ಜಿ ಸುತ್ತ ನೋಡಿದಳು. ಯಾರೂ ಇಲ್ಲ.

"ಬಣ್ಣ ಬಣ್ಣ ಅಂತ ನನ್ ಉಯಿರು ತೆಗೀತಾವ್ನೆ ಕಣ್ಣೇ, ನಿನ್ ಚಿಕ್ಕಪ್ಪ. ನಾನೆಲ್ಲಿ ಕಂಡೆ ಆ ಕಾರ್ನ?"

"ನೋಡೇ ಇಲ್ವಾ?"

"ಕಲ್ಯಾಣದೆಣ್ಣು ಬೀದಿಗೆ ಬರಬೋದಾ? ಒಳಗೆ ಕೂರ್ಸಿ ಜಡೆಗೆ ಮಲ್ಲಿಗೆ ಹೊಲೀತಿದ್ರು. ಪೋಂ ಪೋಂ ಅಂತು. ಸೂಜೀನ ಜಡೇಲೇ ಬಿಟ್ಟು ಓಡೋದ್ರು ಎಲ್ಲಾ."

"ತಾತನ್ನ ನೋಡೋಕೆ?"

"ನಿನ್ ತಾತನ್ನ ಯಾರು ನೋಡಿದ್ರು! ತಿರುಗಿ ಬಂದು ಕಾರು ಕಾರು ಅಂತವೆ. ನಾನು ನಾಚ್ಕೆ ಬಿಟ್ಟು ಕೇಳ್ದೆ, ಮಾಪ್ಪಿಳ್ಳೆ ಎಂಗವ್ರೆ ಅಂತ. ಅಯ್ಯೋ, ಅದನ್ನ ನೋಡ್ಲಿಲ್ವೇ ಅಂದ್ಲು ನನ್ ಚಿಕ್ಕಮ್ಮನ ಮಗಳು."

ನಗು ತಡೆಯಲು ಸ್ಟೀರಿಂಗ್ ಹಿಡಿದುಕೊಂಡೆ. "ಮತ್ತೆ ಮರುದಿನ?"

"ಬಸ್ಸು. ಕಿಟಕಿ ಪಕ್ಕ ಕೂರ್ಸಿದ್ರು, ವಾಂತಿ ಬಂದ್ರೆ ಇರ್ಲಿ ಅಂತ."

"ತಾತ ಕಾರು ಅಂತ ಹೇಳ್ತಿದ್ರಲ್ಲ?"

"ಮೊದಮೊದ್ಲು 'ನಾನು ಕಾರಲ್ಲಿ ಬಂದೆ' ಅಂತಲೇ ಅಂತಿದ್ರು. ನಿಮ್ಮಪ್ಪ ಉಟ್ಟಿದ್ಮೇಲೆ ಒಂದಿನ ಯಾರೋ ಬಂದಿದ್ರು, 'ನಾವು ಕಾರಲ್ಲಿ ಬಂದ್ವಿ' ಅಂದ್ಬುಟ್ರು."

"ನೀನ್ಯಾಕೆ ಸುಮ್ಮನಿದ್ದೆ?"

ಅಜ್ಜಿ ಸೆರಗಿನಿಂದ ಡ್ಯಾಶ್‌ಬೋರ್ಡಿನ ಧೂಳು ಒರೆಸಿದಳು.

"ಅವರಾಗೇ ಕರೆದು ಪಕ್ಕದಲ್ಲಿ ಕೂರಿಸ್ಕೊಂಡ್ರು. ಬರೀ ಮಾತಲ್ಲೇ ಆಗ್ಲಿ. ಇಳಿಯೋದ್ಯಾಕೆ ಅಂತ ಕೂತಿದ್ದೆ."

ನಾನು ನನ್ನ ಕೆಲಸದ ಪ್ರಶ್ನೆಯನ್ನೇ ಕೇಳಿದೆ. "ಹಾಗಾದ್ರೆ, ನೀನು ಕೂತಿದ್ದ ಕಾರಿನ ಬಣ್ಣ ಯಾವುದು?"

ಈ ಸಲ ಅಜ್ಜಿ ತಡವರಿಸಲಿಲ್ಲ. "ಅರಕ್ಕು."

ನೇಯ್ಗೆಯವರ ಮಾತು ಅದು. ಅರಗಿನ ಕಡುಗೆಂಪು. ಸೊಂಟದಿಂದ ಎಲೆಅಡಿಕೆಯ ಚೀಲ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಮದುವೆ ಸೀರೆ ಹರಿದಾಗ ಅದರ ತುಂಡಿನಲ್ಲಿ ಹೊಲಿದುಕೊಂಡದ್ದು. "ನಮ್ಮಪ್ಪ ನೇಯ್ದಿದ್ದು. ಈ ಸೀರೆ ಉಟ್ಕೊಂಡು ಬೇರೆ ಬಣ್ಣದ ಕಾರಲ್ಲಿ ಕೂತ್ರೆ ಒಪ್ಪುತ್ತಾ, ನೀನೇ ಏಳು?" ಆಮೇಲೆ ದನಿ ತಗ್ಗಿಸಿದಳು. "ನಿನ್ ಚಿಕ್ಕಪ್ಪನ್ಗೆ ಬಸ್ಸಿನ ಇಸ್ಯ ಏಳ್ಬೇಡ. ಪಾವಂ. ನನಗೋಸ್ಕರ ಅಂತ ಮಾಡ್ತಾವ್ನೆ. ಒಡೆದೋಯ್ತಾನೆ."

ಅಷ್ಟರಲ್ಲಿ ಸೆಲ್ವರಾಜಣ್ಣ ಸ್ಪ್ಯಾನರ್ ಹಿಡಿದು ಬಂದರು. ಅವರು ಮಂಡಿಯೂರುವಷ್ಟರಲ್ಲಿ ಅಜ್ಜಿ ಎರಡೂ ಕಾಲು ಹೊರಗೆ ಹಾಕಿ, ಗಾಜಿನ ಫ್ರೇಮು ಹಿಡಿದು, ಎದ್ದು ನಿಂತೇಬಿಟ್ಟಳು.

ಚಿಕ್ಕಪ್ಪ ಬಾಯಿ ಬಿಟ್ಟರು. "ಇಷ್ಟೊತ್ತು ಆಗಲ್ಲ ಅಂದ್ಯಲ್ಲವ್ವಾ?"

"ಆಗಲ್ಲ ಅಂತ ನಾನೆಲ್ಲಿ ಅಂದೆ? ಎಳೀಬೇಡ ಅಂದೆ."

ಕಾಫಿ ಕುಡಿಯುತ್ತಾ ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ಪೇಂಟಿನವನು ನಾಳೆ ಶೇಡ್ ಕೇಳ್ತಾವ್ನೆ ಅಮ್ಮಣಿ. ಒರಿಜಿನಲ್ ಇರ್ಬೇಕು, ತಿಳೀತಾ? ನೀನು ಏಳಿದ್ದೇ ಫೈನಲ್."

ಒರಿಜಿನಲ್! ನಮಗೆಲ್ಲ ಈಗ ಅದರದ್ದೇ ಗೀಳು. ದೋಸೆ ಒರಿಜಿನಲ್ ಇರಬೇಕು, ಸರ್ಟಿಫಿಕೇಟು ಒರಿಜಿನಲ್ ಇರಬೇಕು, ಊರು ಯಾವುದೆಂದರೆ ಒರಿಜಿನಲ್ ಊರು ಯಾವುದು ಎಂದು ಮತ್ತೆ ಕೇಳುತ್ತಾರೆ. (ನಮ್ಮಂಥವರು ಏನು ಹೇಳಬೇಕು?) ನಮ್ಮ ಲ್ಯಾಬಿನಲ್ಲಿ ಒರಿಜಿನಲ್ ಅಂದರೆ ಬಯರ್ ಕಳಿಸಿದ ತುಂಡು, ಅಷ್ಟೆ. ಒಬ್ಬ ಒಮ್ಮೆ ಮನೆಯ ಹಳೆಯ ಕರ್ಟನ್ ಕತ್ತರಿಸಿ ಕಳಿಸಿದ್ದ. ಅದು ಎಷ್ಟು ಮಾಸಿತ್ತು, ಯಾವ ಕಿಟಕಿಯದು ಎಂದು ನಾನು ಕೇಳಲಿಲ್ಲ. ಅವನಿಗೆ ಬೇಕಾದದ್ದು ಆ ಬಣ್ಣ. ಹೊಂದಿಸಿದೆ. ಒಪ್ಪಿದ.

ಇಲ್ಲಿ ಬಯರ್ ಯಾರು? ಮೇಳದ ಜಡ್ಜಾ? ಊರಿಗೆ ಹೋದ ದೊರೆಯಾ? ತಳ್ಳಿದ ನಾಲ್ವರಾ?

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದೆ. ಅಜ್ಜಿಯ ಚೀಲವನ್ನು ಒಳಹೊರಗು ಮಾಡಿದೆ. ಮೇಲೆಲ್ಲ ಮಾಸಿತ್ತು. ಹೊಲಿಗೆಯ ಮಡಿಕೆಯೊಳಗೆ ಮಾತ್ರ ಒಂದೆಳೆಯಷ್ಟು ಅಗಲದಲ್ಲಿ ಬಿಸಿಲು ಕಾಣದ ಅರಕ್ಕು ಹಾಗೇ ಇತ್ತು. ಅದಕ್ಕೆ ಹೊಂದಿಸಿ ಬಟ್ಟೆಗೆ ಬಣ್ಣ ಹಾಕಿದೆ. ಮೂರನೆಯ ಸಲಕ್ಕೆ ಕೂತಿತು. ತುಂಡನ್ನು ಕಾರ್ಡಿಗೆ ಅಂಟಿಸಿ ಅದರ ಕೆಳಗೆ 'ಒರಿಜಿನಲ್ ಶೇಡ್' ಎಂದು ಬರೆದು ಸಹಿ ಹಾಕಿ, ಗೋಡೌನಿಗೆ ಹೋಗಿ ಚಿಕ್ಕಪ್ಪನ ಕೈಗಿಟ್ಟೆ.

ಈ ಸಲ ಕನ್ನಡಕ ಹಾಕಿಕೊಂಡಿದ್ದರು. ಬಹಳ ಹೊತ್ತು ನೋಡಿದರು. "ಹಸಿರಲ್ವಾ?"

"ಅಲ್ಲ."

"ಲ್ಯಾಬ್ ರಿಪೋರ್ಟಾ?"

"ಹೌದು."

"ಅವ್ವನ್ ಸೀರೆ ಬಣ್ಣ ಇದ್ದಂಗದೆ" ಎಂದು ಗೊಣಗಿ ಪೇಂಟಿನವನಿಗೆ ಫೋನ್ ಮಾಡಲು ಆಚೆ ಹೋದರು.

ನಾನು ಜೇಬಿನಿಂದ ವಾಷರ್ ತೆಗೆದು, ಗೋಡೌನಿನ ಹಿಂದೆ ನಿಂತಿದ್ದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಚಹಾದ ಬಣ್ಣದ ಆ ಚುಕ್ಕೆಯ ಮೇಲೆ ಸರಿಯಾಗಿ ಕೂರಿಸಿ, ಸ್ಕ್ರೂ ಬಿಗಿಮಾಡಿದೆ. ನಿಜ ಎಲ್ಲಿಗೂ ಹೋಗಿಲ್ಲ. ಹುಣಸೆಬೀಜದಷ್ಟು ಅಲ್ಲೇ ಇದೆ. ಅನುಮಾನ ಇದ್ದವರು ಸ್ಕ್ರೂ ಬಿಚ್ಚಿ ನೋಡಬಹುದು.

ಆದರೆ ಮೊದಲು ಅಜ್ಜಿಯನ್ನು ಕಾರಿನಿಂದ ಇಳಿಸುವವರು ಯಾರು?